ಕಾಯಿಲೆಯ ಸಾಲ

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದಿತೆನ್ನಿ. ಬೀದಿಯ ತಿರುವಿನಲ್ಲಿಯೇ ಡಾಕ್ಟರರ ಷಾಪು ಉಂಟು. ಸಂಜೆ ಹೋಗಿ ಚೀಟಿ ಬರೆಸಿಕೊಂಡು, ಮಾತ್ರೆ ಕೊಂಡು, ಊಟದ ಹೊತ್ತಿಗೆ ಮನೆ ಸೇರಬಹುದು. ಅದೇ ಹೊಟ್ಟೆನೋವು ಮೂವತ್ತು ಕಿಲೋಮೀಟರು ಆಚೆಯ ಹಳ್ಳಿಯೊಂದರಲ್ಲಿ ಬಂದರೆ ಲೆಕ್ಕವೇ ಬೇರೆ. ರೋಗಿಗೊಂದು ಬಸ್ ಚಾರ್ಜು, ಜೊತೆಗೆ ಬಂದವರಿಗೆ ಇನ್ನೊಂದು, ಇಬ್ಬರ ದಿನಗೂಲಿ ನಷ್ಟ, ಹೋಟಲಿನ ಊಟ. "ನಾಳೆ ಬನ್ನಿ" ಎಂದುಬಿಟ್ಟರೆ ಇದೆಲ್ಲವೂ ಇಮ್ಮಡಿ. ವೈದ್ಯರ ಫೀಜು ಇನ್ನೂ ಈ ಲೆಕ್ಕದೊಳಕ್ಕೆ ಬಂದಿಲ್ಲವೆಂಬುದನ್ನು ಗಮನಿಸಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮದುವೆಗೆ ಒಪ್ಪೀತು, ಕಾಯಿಲೆಗೆ ಒಪ್ಪದು. ಮದುವೆಯನ್ನು ಸುಗ್ಗಿಯ ತನಕ ಮುಂದೂಡಬಹುದು. ಕಾಯಿಲೆ ಆಷಾಢದಲ್ಲಿಯೇ ಬರುತ್ತದೆ. ಬಿತ್ತನೆಗೆ ಕೈಲಿದ್ದ ದುಡ್ಡೆಲ್ಲ ಹೋಗಿ ಮನೆ ಬರಿದಾಗಿರುವಾಗ ಬರುತ್ತದೆ. ಆಗ ಹೆಂಡತಿಯ ಕಿವಿಯ ಓಲೆ ಅಡವಿಗೆ ಹೋಗುತ್ತದೆ, ಇಲ್ಲವೆ ಎತ್ತು ಸಂತೆಗೆ ಹೋಗುತ್ತದೆ. ಇಬ್ಬರು ಹುಡುಗರನ್ನಿಟ್ಟುಕೊಂಡು ಕಿರಾಣಿ ಅಂಗಡಿ ನಡೆಸುವವನ ಪಾಡೂ ಇದೇ. ಅವನು ಮಲಗಿದ ದಿನ ಅಂಗಡಿಯ ಬಾಗಿಲೂ ಮುಚ್ಚುತ್ತದೆ. ಕೊಡಬೇಕಾದವರು ಕಾಯುವುದಿಲ್ಲ.

ಹಿಂದಿನ ಕಾಲದಲ್ಲಿ ಇದೊಂದೂ ಇರಲಿಲ್ಲ, ಪಂಡಿತರಿಗೆ ಒಂದು ಮೊರ ರಾಗಿ, ಸೂಲಗಿತ್ತಿಗೆ ಒಂದು ಸೀರೆ ಕೊಟ್ಟರೆ ತೀರುತ್ತಿತ್ತು ಎಂದು ನಿಟ್ಟುಸಿರು ಬಿಡುವವರುಂಟು. ಅವರ ಮಾತಿಗೆ ನಾನು ತಲೆದೂಗಲಾರೆ. ವೆಚ್ಚ ಕಡಿಮೆಯಿದ್ದುದು ಮಾಡಬಹುದಾದ ಚಿಕಿತ್ಸೆ ಕಡಿಮೆಯಿದ್ದುದರಿಂದ. ಪ್ಲೇಗು ಬಂದಾಗ ಊರು ಬಿಟ್ಟು ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಹೆಚ್ಚಿನ ದುಡ್ಡೇನೂ ಬೇಕಾಗಿರಲಿಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು. ಹಣ ಕೊಡಲಾರನೆಂಬ ಕಾರಣಕ್ಕೆ ಯಾರೊಬ್ಬನಿಗೂ ಚಿಕಿತ್ಸೆ ತಪ್ಪಕೂಡದೆಂಬುದು ಅದರ ಮೂಲತತ್ವ. ಅದರ ಫಲವಾಗಿ 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದವು. ಸಿಡುಬನ್ನು ಓಡಿಸಿದುದರಲ್ಲಿ, ಮಕ್ಕಳಿಗೆ ಲಸಿಕೆ ಹಾಕಿದುದರಲ್ಲಿ ಈ ಕೇಂದ್ರಗಳ ಪಾಲು ದೊಡ್ಡದು. ಆದರೆ ಕಟ್ಟಡ ಕಟ್ಟಿದಷ್ಟು ಸುಲಭವಾಗಿ ಡಾಕ್ಟರರನ್ನು ಹಳ್ಳಿಯಲ್ಲಿ ನಿಲ್ಲಿಸಲಾಗಲಿಲ್ಲ. ಶಸ್ತ್ರಚಿಕಿತ್ಸೆ ಬೇಕಾದವರು ಪಟ್ಟಣಕ್ಕೇ ಬರಬೇಕಾಯಿತು. ಪಟ್ಟಣದಲ್ಲಿ ಸರಕಾರದ ಹಾಸಿಗೆ ಸಿಕ್ಕದಿದ್ದರೆ ಖಾಸಗಿ ಆಸ್ಪತ್ರೆಯೇ ಗತಿಯಾಯಿತು.

ಔಷಧಿಯ ಬೆಲೆಯದು ಇನ್ನೊಂದು ಕಥೆ. 1979ರ ಆಜ್ಞೆಯಂತೆ 347 ಮೂಲ ಔಷಧಿಗಳ ಬೆಲೆಗೆ ಸರಕಾರದ ಕಡಿವಾಣವಿತ್ತು. 1987ರಲ್ಲಿ ಅದು 142ಕ್ಕೆ ಇಳಿಯಿತು, 1995ರಲ್ಲಿ 74ಕ್ಕೆ. ಔಷಧಿ ತಯಾರಿಕೆಗೆ ಉತ್ತೇಜನ ಬೇಕೆಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕಾರ್ಖಾನೆಗಳು ಬೆಳೆದದ್ದೂ ನಿಜ. ಆದರೆ ಕೈಬಿಟ್ಟ ಔಷಧಿಗಳ ಬೆಲೆಯನ್ನು ಹೊತ್ತವರಲ್ಲಿ ಹಳ್ಳಿಯವರೂ ಇದ್ದರು. ದೇಶದಲ್ಲಿ ಆರೋಗ್ಯಕ್ಕಾಗಿ ವೆಚ್ಚವಾದ ಪ್ರತಿ ನೂರು ರೂಪಾಯಿಯಲ್ಲಿ 64 ರೂಪಾಯಿ 2013–14ರಲ್ಲಿ ಜನರ ಸ್ವಂತ ಜೇಬಿನಿಂದಲೇ ಹೋಯಿತೆಂದು ಸರಕಾರದ ಲೆಕ್ಕವೇ ಹೇಳುತ್ತದೆ. 2021–22ರ ಹೊತ್ತಿಗೆ ಅದು 39ಕ್ಕೆ ಇಳಿದಿತ್ತು. ಇಳಿದದ್ದು ಸಂತೋಷವೇ. ಆದರೆ ಎತ್ತು ಮಾರಿದವನಿಗೆ ದೇಶದ ಸರಾಸರಿಯಿಂದ ಏನು ಸಮಾಧಾನ?

ದುಡ್ಡನ್ನು ಕಾಯಿಲೆ ಬಂದ ಮೇಲೆ ಹುಡುಕಬೇಕು, ಇಲ್ಲವೆ ಬರುವ ಮೊದಲೇ ಕೂಡಿಡಬೇಕು. ಒಬ್ಬನೇ ಕೂಡಿಟ್ಟರೆ ಸಾಲದು, ಹಲವರು ಕೂಡಿಡಬೇಕು. ಈ ವಿದ್ಯೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಭಾರತದಲ್ಲಿಯೇ ಇಂಥ ಮೊದಲ ಸಂಘ ಅದೆಂಬ ಕೀರ್ತಿ ಅದಕ್ಕಿದೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಗುರಿ. ಸಾಹುಕಾರನ ಬಾಗಿಲಿಗೆ ರೈತನನ್ನು ಅಟ್ಟುವ ಕಾರಣಗಳಲ್ಲಿ ಕಾಯಿಲೆಯೂ ಒಂದೆಂಬುದನ್ನು ಲೆಕ್ಕಕ್ಕೆ ಹಿಡಿದು ಅದೇ ಸಹಕಾರ ಸಂಘಗಳ ಮೂಲಕ ಒಂದು ದಾರಿ ತೆರೆಯಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು.

ಆ ದಾರಿಗೆ ಯಶಸ್ವಿನಿ ಎಂದು ಹೆಸರಿಟ್ಟರು. ಹೃದಯದ ಶಸ್ತ್ರವೈದ್ಯರಾದ ಡಾಕ್ಟರ್ ದೇವಿ ಶೆಟ್ಟಿಯವರ ಸಲಹೆ, ರಾಜ್ಯದ ಸಹಕಾರ ಇಲಾಖೆಯ ಏರ್ಪಾಟು ಎರಡೂ ಸೇರಿ 2003ರ ಜೂನ್ ತಿಂಗಳಿನಿಂದ ಯೋಜನೆ ನಡೆಯತೊಡಗಿತು. ಸಹಕಾರ ಸಂಘದ ಸದಸ್ಯನೊಬ್ಬ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಬೇಕಾದರೂ ಗೊತ್ತಾದ ಆಸ್ಪತ್ರೆಗಳಲ್ಲಿ ನಡೆಯುತ್ತಿತ್ತು. ಹಣವನ್ನು ಕೂಡಿಸಲು ಹೊಸ ನೌಕರರನ್ನು ಇಡಬೇಕಾಗಿರಲಿಲ್ಲ. ಹಾಲಿನ ಸಂಘದ, ಸಾಲದ ಸಂಘದ ಕಾರ್ಯದರ್ಶಿಯೇ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದ.

ಐದು ರೂಪಾಯಿಗೆ ಇದು ಹೇಗೆ ಸಾಧ್ಯವೆಂದು ನೀವು ಕೇಳಬಹುದು. ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಮೊದಲ ವರ್ಷ ಸೇರಿದವರು ಸುಮಾರು 16 ಲಕ್ಷ. ಶಸ್ತ್ರಚಿಕಿತ್ಸೆಯಾದುದು ಸುಮಾರು ಒಂಬತ್ತು ಸಾವಿರ ಮಂದಿಗೆ. ಎಂದರೆ ನೂರೆಂಬತ್ತು ಜನರಿಗೆ ಹೆಚ್ಚುಕಡಿಮೆ ಒಬ್ಬರು. ನೂರೆಂಬತ್ತು ಜನರ ಅರವತ್ತು ರೂಪಾಯಿ ಕೂಡಿದರೆ ಹತ್ತು ಸಾವಿರದ ಎಂಟುನೂರು ಆಗುತ್ತದೆ. ಆಸ್ಪತ್ರೆಗಳೂ ಮೊದಲೇ ಒಪ್ಪಿದ ದರಕ್ಕೆ ನಿಂತವು. ಖಾಲಿ ಬಿದ್ದ ಹಾಸಿಗೆಗಿಂತ ಕಡಿಮೆ ದರದ ರೋಗಿ ಮೇಲಲ್ಲವೆ? ಸಾಲದುದಕ್ಕೆ ಸರಕಾರದ ನೆರವಿತ್ತು.

ಎರಡನೆಯ ವರ್ಷ ಸದಸ್ಯರು 20 ಲಕ್ಷ ಮುಟ್ಟಿದರು. ಆದರೆ ಶಸ್ತ್ರಚಿಕಿತ್ಸೆಗಳು ಹದಿನೈದು ಸಾವಿರಕ್ಕೆ ಏರಿದವು. ಯಾರೋ ಒಬ್ಬರಿಗೆ ಆಪರೇಷನ್ ಆಗಿ ಅವರು ನಡೆದುಕೊಂಡು ಊರಿಗೆ ಬಂದುದನ್ನು ಕಂಡರೆ, ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದ ಪಕ್ಕದ ಮನೆಯವರೂ ಹೊರಡುವುದು ಸಹಜ. ಅರವತ್ತು ರೂಪಾಯಿ ಸಾಲದೆ ಮೂರನೆಯ ವರ್ಷ ವಂತಿಗೆಯನ್ನು 120ಕ್ಕೆ ಏರಿಸಿದರು. ಆಗ ಸದಸ್ಯರ ಸಂಖ್ಯೆ 15 ಲಕ್ಷದೊಳಕ್ಕೆ ಕುಸಿಯಿತು. ಶಸ್ತ್ರಚಿಕಿತ್ಸೆ ಮಾತ್ರ ಇಪ್ಪತ್ತು ಸಾವಿರದ ಹತ್ತಿರಕ್ಕೆ ಬಂತು. ಗಟ್ಟಿಮುಟ್ಟಾದವನು "ನನಗೇನಾಗಿದೆ" ಎಂದು ಹಿಂದೆ ಸರಿಯುತ್ತಾನೆ, ನೋವಿರುವವನು ಬಿಡುವುದಿಲ್ಲ. ಹೊರೆ ಉಳಿದವರ ಮೇಲೆ ಬೀಳುತ್ತದೆ. ಇಷ್ಟವಿದ್ದವರು ಮಾತ್ರ ಸೇರುವ ವಿಮೆಗೆ ಈ ತೊಡಕು ಸಾಮಾನ್ಯ. ಆದರೂ ಯೋಜನೆ ಮುಳುಗಲಿಲ್ಲ. ಮುಂದೆ ಸದಸ್ಯರು 30 ಲಕ್ಷದವರೆಗೂ ಏರಿದರು.

ಕೊರತೆಗಳನ್ನು ಮುಚ್ಚಿಡಬಾರದು. ಆಪರೇಷನ್ನಿಗೆ ರಕ್ಷಣೆಯಿತ್ತು, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ದಿನದಿನವೂ ನುಂಗುವ ಮಾತ್ರೆಗೆ ಇರಲಿಲ್ಲ. ತಿಂಗಳು ತಿಂಗಳೂ ಸಂಸಾರವನ್ನು ಸವೆಸುವುದು ಅದೇ. ಅದಕ್ಕಿಂತ ದೊಡ್ಡ ಕೊರತೆ ಬಾಗಿಲಿನಲ್ಲಿಯೇ ಇತ್ತು. ಸಂಘದ ಸದಸ್ಯನಾಗಿರಬೇಕು. ತುಂಡು ಭೂಮಿಯೂ ಇಲ್ಲದ, ಕರೆಯುವ ಹಸುವೂ ಇಲ್ಲದ ಕೂಲಿಯಾಳು ಯಾವ ಸಂಘದ ಸದಸ್ಯ? ಪಟ್ಟಿಯಲ್ಲಿ ಮೊದಲು ಇರಬೇಕಾದವನ ಹೆಸರೇ ಎಷ್ಟೋ ಊರುಗಳಲ್ಲಿ ಪಟ್ಟಿಯಲ್ಲಿರಲಿಲ್ಲ.

2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ, ಎಲ್ಲರಿಗೂ ಒಂದೇ ಚೌಕಟ್ಟು ಇರಲೆಂದು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿದರು. ಕೂಲಿಯಾಳಿಗೆ ಇದರಿಂದ ಬಾಗಿಲು ತೆರೆಯಿತು, ಅದನ್ನು ಮೆಚ್ಚಲೇಬೇಕು. ಆದರೆ ಬಡತನದ ರೇಖೆಗಿಂತ ಮೇಲಿನ ರೇಷನ್ ಕಾರ್ಡಿನವನಿಗೆ ಸರಕಾರ ಕೊಡುತ್ತಿದ್ದುದು ಗೊತ್ತುಮಾಡಿದ ದರದ ನೂರಕ್ಕೆ 30 ಪಾಲು ಮಾತ್ರ. ನಾಲ್ಕೆಕರೆ ಖುಷ್ಕಿಯ ರೈತನೂ ಚಿಲ್ಲರೆ ಅಂಗಡಿಯವನೂ ಎಷ್ಟೋ ಕಡೆ ಆ ಕಾರ್ಡಿನವರೇ. ಉಳಿದ 70ಕ್ಕೆ ಮತ್ತೆ ಓಲೆಯೇ ಅಡವಿಗೆ ಹೋಗಬೇಕು. ಇದಲ್ಲದೆ, ವರ್ಷಾವರ್ಷ ತನ್ನ ವಂತಿಗೆ ಕಟ್ಟಿ ಹಕ್ಕಿನಿಂದ ಹೋಗುತ್ತಿದ್ದವನು ಈಗ ಫಲಾನುಭವಿಯೆನಿಸಿ ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿಗೆ ಕಾಯಬೇಕಾಯಿತು. ಅವನಿಗೆ ಹಿಡಿಸದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ರೈತರು ಹಳೆಯದೇ ಬೇಕೆಂದು ಕೇಳುತ್ತ ಬಂದರು. 2022ರಲ್ಲಿ ಯಶಸ್ವಿನಿಗೆ ಮರುಹುಟ್ಟು ಬಂತು. 2023ರ ಜನವರಿಯಿಂದ ಚಿಕಿತ್ಸೆ ಪ್ರಾರಂಭವಾಯಿತು. ಹಳ್ಳಿಯ ಸಂಘದ ಸದಸ್ಯನ ನಾಲ್ವರ ಸಂಸಾರಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದ ಸಂಘದವರಿಗೆ 1,000. ಚಿಕಿತ್ಸೆಯ ಮಿತಿ 5 ಲಕ್ಷ.

ಪಟ್ಟಣದವರ ಹೆಸರು ಬಂದುದರಿಂದ ಆ ಕಿರಾಣಿ ಅಂಗಡಿಯವನನ್ನು ಇನ್ನೊಮ್ಮೆ ನೆನೆಯಬಹುದು. 1948ರ ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ ಕಾರ್ಖಾನೆಗಳನ್ನೂ ಹತ್ತಿಪ್ಪತ್ತು ಆಳುಗಳಿರುವ ಅಂಗಡಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬೆಳೆದದ್ದು. ಇಬ್ಬರು ಹುಡುಗರ ಅಂಗಡಿಯತ್ತ ಅದು ನೋಡಿರಲಿಲ್ಲ. ಯಜಮಾನನು ಊರಿನ ಪತ್ತಿನ ಸಂಘದಲ್ಲಿ ಷೇರು ಕೊಂಡಿದ್ದರೆ ಸಾವಿರ ರೂಪಾಯಿ ಕಟ್ಟಿ ತನ್ನ ಸಂಸಾರಕ್ಕೆ ಕಾರ್ಡು ಮಾಡಿಸಬಹುದಾಗಿತ್ತು. ಆ ಹುಡುಗರಿಗೆ ಯಾವ ಸಂಘದಲ್ಲಿಯೂ ಷೇರಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಅಂಗಡಿಗೆ ಕಾಫಿಪುಡಿಗೆ ಹೋದಾಗ ಪೊಟ್ಟಣ ಕಟ್ಟಿಕೊಡುವವನು ಅವರಲ್ಲೊಬ್ಬನಿರಬಹುದು. ಅವನ ಹೆಸರು ಯಾವ ಪಟ್ಟಿಯಲ್ಲಿದೆಯೆಂದು ಒಮ್ಮೆ ಕೇಳಿ ನೋಡಿ.