ವಿದ್ಯುತ್ ವಿತರಣೆಯಲ್ಲಿ ಆಯ್ಕೆಯ ಅಧಿಕಾರ: ಶಿವನಸಮುದ್ರದಿಂದ ಹತ್ತಿಮತ್ತೂರಿನವರೆಗೆ

ಕರ್ನಾಟಕದ ವಿದ್ಯುಚ್ಛಕ್ತಿಯ ಇತಿಹಾಸವೆಂದೊಡನೆ ಜಲಪಾತ, ಅಣೆಕಟ್ಟು, ಉತ್ಪಾದನಾ ಕೇಂದ್ರಗಳ ವರ್ಣನೆಯೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಉತ್ಪನ್ನವಾದ ಶಕ್ತಿ ಯಾರಿಗೆ ಮೊದಲು ಸಲ್ಲಬೇಕು, ಯಾರಿಗೆ ಅನಂತರ ಎಂಬುದನ್ನು ಯಾರು, ಯಾವ ಸಾಧನದಿಂದ ನಿರ್ಣಯಿಸಿದರು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಸಾಲಿಡ್ ಸ್ಟೇಟ್ ಟ್ರಾನ್ಸ್‌ಫಾರ್ಮರ್, ಎನರ್ಜಿ ರೌಟರ್ ಎಂಬ ನೂತನ ಉಪಕರಣಗಳ ಪ್ರಸ್ತಾಪ ಕೇಳಿಬರುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಎತ್ತುವುದು ಅವಶ್ಯವಾಗಿದೆ.

1902ರಲ್ಲಿ ಶಿವನಸಮುದ್ರದ ಶಕ್ತಿ ಮೊದಲು ಹೋದದ್ದು ಕಾವೇರಿಯ ದಡದ ಹಳ್ಳಿಗಳಿಗಲ್ಲ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಈ ದೂರಪ್ರಯಾಣವನ್ನು ಸಾಧ್ಯಗೊಳಿಸಿದ್ದು ಪರಿವರ್ತಕ. ಕಬ್ಬಿಣದ ತಿರುಳು, ಅದರ ಮೇಲೆ ತಾಮ್ರದ ಎರಡು ಸುರುಳಿ, ಇಷ್ಟೇ ಅದರ ಸ್ವರೂಪ. ಒತ್ತಡವನ್ನು ಏರಿಸುವುದು, ಇಳಿಸುವುದು ಇವೆರಡಲ್ಲದೆ ಅದಕ್ಕೆ ಅನ್ಯ ಕಾರ್ಯ ತಿಳಿಯದು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನದ್ದು. 1948ರಲ್ಲಿ ಆರಂಭವಾದ ಜೋಗದ್ದು 50. ಒಂದೇ ಮೈಸೂರಿನ ಈ ಎರಡು ಪ್ರವಾಹಗಳನ್ನು ಬೆಸೆಯುವುದು ಯಾವ ಪರಿವರ್ತಕದಿಂದಲೂ ಆಗುವಂತಿರಲಿಲ್ಲ; ಅದಕ್ಕೆ ತಿರುಗುವ ಭಾರಿ ಯಂತ್ರಗಳೇ ಬೇಕಾಗಿದ್ದವು. ಇನ್ನು ಆಯ್ಕೆಯಂತೂ ಪರಿವರ್ತಕದ ಗುಣವೇ ಅಲ್ಲ. ಅದು ತಂತಿ ಎಳೆಸಿದವರದು.

ಇಂದಿನ ಸವಣೂರು ತಾಲ್ಲೂಕಿನ ಹತ್ತಿಮತ್ತೂರು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ ಸೀಮೆಯಲ್ಲಿತ್ತು. ಮೈಸೂರಿನ ತಂತಿಗಳ ಕಥೆಯಲ್ಲಿ ಅದಕ್ಕೆ ಪಾತ್ರವಿರಲಿಲ್ಲ. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪಿತವಾಯಿತು. 2002ರಿಂದ ಈ ಭಾಗದ ವಿತರಣೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು. ಹಳ್ಳಿಗಳಿಗೆ ವಿದ್ಯುತ್ತು ಬಂದ ಮೇಲೆ ಅದರ ಮುಖ್ಯ ಪ್ರತಿನಿಧಿಯಾಗಿ ನಿಂತದ್ದು ಕಂಬದ ಮೇಲಿನ ಪರಿವರ್ತಕವೇ. ಜನ ಅದನ್ನು ‘ಟಿ.ಸಿ.’ ಎನ್ನುತ್ತಾರೆ. 11,000 ವೋಲ್ಟನ್ನು 433ಕ್ಕೆ ಇಳಿಸುವ ಈ ಪೆಟ್ಟಿಗೆ ಸುಟ್ಟಿತೆಂದರೆ ಬೆಳೆ ಒಣಗುತ್ತದೆ.

ಏಕೆ ಸುಡುತ್ತದೆ ಎಂಬುದರಲ್ಲಿಯೇ ಇತಿಹಾಸವಿದೆ. ಮನೆಗೂ ಪಂಪ್‌ಸೆಟ್ಟಿಗೂ ಒಂದೇ ತಂತಿಯಿದ್ದಾಗ, ನೀರಾವರಿಯ ಹೊರೆಯನ್ನು ತಡೆಯಲು ಕೆಲವು ತಾಸು ಮಾತ್ರ ಮೂರು ಫೇಸ್, ಉಳಿದಂತೆ ದೀಪಕ್ಕೆಂದು ಸಿಂಗಲ್ ಫೇಸ್ ಕೊಡುವ ಕ್ರಮ ರೂಢಿಯಾಯಿತು. ರೈತನು ಕಂಡೆನ್ಸರ್ ಜೋಡಿಸಿ ಸಿಂಗಲ್ ಫೇಸಿನಲ್ಲಿಯೂ ಮೂರು ಫೇಸಿನ ಮೋಟಾರನ್ನು ಓಡಿಸಿದನು. ಇದನ್ನು ಕೇವಲ ಅಕ್ರಮವೆಂದು ಕರೆದು ಮುಂದೆ ಸಾಗುವುದು ಸುಲಭ; ನನ್ನ ಅಭಿಪ್ರಾಯದಲ್ಲಿ ಅದು ಸ್ವಿಚ್ಚಿನ ಮೂಲಕ ಬಂದ ನಿರ್ಣಯಕ್ಕೆ ಹೊಲದಿಂದ ಹೋದ ಉತ್ತರ. ನಡುವೆ ನಿಂತ ಪರಿವರ್ತಕಕ್ಕೆ ಬೇಡವೆನ್ನುವ ಬಾಯಿರಲಿಲ್ಲ. ಸುಟ್ಟುಹೋಗುವುದೊಂದೇ ಅದಕ್ಕೆ ತಿಳಿದಿದ್ದ ಪ್ರತಿಭಟನೆ. 2008ರಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ದೊರೆಯಿತು. ಹೊಲದ ತಂತಿಯನ್ನೂ ಊರಿನ ತಂತಿಯನ್ನೂ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯೂ ರಾಜ್ಯದಲ್ಲಿ ನಡೆಯಿತು. ಇದೂ ಒಂದು ಬಗೆಯ ರೌಟರೇ, ಆದರೆ ಕಂಬ ತಂತಿಗಳಿಂದ ಕಟ್ಟಿದ್ದು.

ಹೊಸ ಉಪಕರಣದ ಮೂಲ ಕಲ್ಪನೆ ತೀರ ಈಚಿನದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಮ್ಯಾಕ್‌ಮರೆ ಎಂಬುವರಿಗೆ 1970ರಲ್ಲಿ ಇದರ ಪೇಟೆಂಟ್ ದೊರೆಯಿತು. ಬಂದ ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಆವರ್ತನಗಳಿಗೆ ಏರಿಸಿ ಸಣ್ಣ ತಿರುಳಿನ ಮೂಲಕ ದಾಟಿಸಿ, ಮರಳಿ ಬೇಕಾದ ರೂಪಕ್ಕೆ ತರುವುದು ಇದರ ತತ್ತ್ವ. ಆವರ್ತನ ಹೆಚ್ಚಿದಷ್ಟೂ ತಿರುಳು ಕಿರಿದಾಗುತ್ತದೆ. ಇಂದಿನ ರಚನೆಗಳಲ್ಲಿ ಪ್ರವಾಹವು ನಡುವೆ ಏಕಮುಖವಾಗುವುದರಿಂದ 25 ಮತ್ತು 50ರಂತಹ ತೊಡಕು ಉಳಿಯುವುದಿಲ್ಲ. ಮಾಳಿಗೆಯ ಸೌರಫಲಕ, ಬ್ಯಾಟರಿಗಳನ್ನೂ ಅಲ್ಲಿಯೇ ಜೋಡಿಸಬಹುದು. ಸಿಲಿಕಾನ್ ಕಾರ್ಬೈಡಿನ ಸ್ವಿಚ್ಚುಗಳು ಇದಕ್ಕೆ ಬಲ ಕೊಟ್ಟಿವೆ. 2008ರಲ್ಲಿ ಉತ್ತರ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಫ್ರೀಡಂ ಕೇಂದ್ರವು ಈ ಪರಿವರ್ತಕವನ್ನೇ ಆಧಾರವಾಗಿಟ್ಟುಕೊಂಡು, ಶಕ್ತಿ ಯಾವ ಕಡೆಗೆ ಎಷ್ಟು ಹರಿಯಬೇಕೆಂದು ನಿಯಂತ್ರಿಸುವ ಎನರ್ಜಿ ರೌಟರಿನ ಕಲ್ಪನೆಯನ್ನು ಬೆಳೆಸಿತು.

ಇದರ ಬೆಲೆ ಹಳೆಯ ಪರಿವರ್ತಕದ ಬೆಲೆಗಿಂತ ಬಹಳ ಹೆಚ್ಚು. ಶಕ್ತಿಯ ನಷ್ಟವೂ ಸಾಮಾನ್ಯವಾಗಿ ಅಧಿಕ. ಬಿಸಿಲು, ಧೂಳು, ಸಿಡಿಲುಗಳನ್ನು ಅದು ಟಿ.ಸಿ.ಯಂತೆ ದಶಕಗಳ ಕಾಲ ತಾಳಬೇಕು. ಇವು ಎಂಜಿನಿಯರರ ಚಿಂತೆ. ನಮ್ಮದು ಬೇರೆ. ಸಂಜೆ ಶಕ್ತಿ ಸಾಲದೆ ಬಂದಾಗ ಹತ್ತಿಮತ್ತೂರಿನಂತಹ ಊರಿನಲ್ಲಿ ಹಿಟ್ಟಿನ ಗಿರಣಿ ನಿಲ್ಲಬೇಕೋ, ಮೆಣಸಿನ ಹೊಲದ ಪಂಪೋ, ಶಾಲಾ ಹುಡುಗನ ದೀಪವೋ? ಇಂದು ಅದನ್ನು ಮಾಡುವವನು ಕಣ್ಣಿಗೆ ಕಾಣುತ್ತಾನೆ. ಲೈನ್‌ಮನ್‌ನನ್ನು ನಿಲ್ಲಿಸಿ ಕೇಳಬಹುದು. ಉಪಕೇಂದ್ರದ ಮುಂದೆ ಕುಳಿತು ಪ್ರತಿಭಟಿಸಬಹುದು. ರೌಟರಿನಲ್ಲಿ ಅದೇ ನಿರ್ಣಯವು ಪ್ರೋಗ್ರಾಮಿನ ಒಂದು ಸಾಲಾಗಿರುತ್ತದೆ. ಆ ಸಾಲನ್ನು ಬರೆಯುವವರು ಯಾರು? ಅದು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಬರಬೇಕೆಂಬುದು ನನ್ನ ಖಚಿತ ಮತ.

ಹಳೆಯ ಕ್ರಮದ ಸಾಕ್ಷ್ಯಗಳು ಉಪಕೇಂದ್ರಗಳ ಲಾಗ್ ಪುಸ್ತಕಗಳಲ್ಲಿವೆ: ಯಾವ ಫೀಡರು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೋಯಿತು ಎಂಬ ಕೈಬರಹದ ಸಾಲುಗಳು. ಶಾಸನ, ಕಡತಗಳಿಗೆ ನಾವು ತೋರುವ ಆಸ್ಥೆಯನ್ನು ಈ ಪುಸ್ತಕಗಳಿಗೆ ಇನ್ನೂ ತೋರಿಲ್ಲ. ಅವು ರದ್ದಿಗೆ ಹೋಗುವ ಮುನ್ನ, ಕನಿಷ್ಠ ಸವಣೂರು ತಾಲ್ಲೂಕಿನವನ್ನಾದರೂ ಪ್ರತಿಮಾಡಿಸುವ ಕಾರ್ಯವನ್ನು ಇತಿಹಾಸ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಳ್ಳಬಹುದಾಗಿದೆ.