ರದ್ದು ಮಾಡಿದ್ದು ಯಾರು?

ಊರಲ್ಲಿ ನನಗೆ ಎರಡು ಹೆಸರು. ಶಾಲೆ ದಾಖಲೆಯಲ್ಲಿ ಒಂದು, ಮನೇಲಿ ಕರೆಯೋದು ಇನ್ನೊಂದು. ಯಾರಾದರೂ ಬಂದು ‘ಮನೆ ಹೆಸರು ರದ್ದಾಗಿದೆ’ ಅಂದರೆ ನಮ್ಮಜ್ಜಿ ಮೊದಲು ಕೇಳೋದು, ‘ರದ್ದು ಮಾಡಿದ್ದು ಯಾರಪ್ಪಾ?’ ಅಂತ. ಆ ಪ್ರಶ್ನೆ ಕೇಳದೆ ನಾನೊಮ್ಮೆ ಪೇಚಿಗೆ ಸಿಕ್ಕಿಬಿದ್ದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ವಿಂಡೋಸ್‌ನಲ್ಲಿ ನಮ್ಮ ಸಿ ಕೋಡ್ ಕಂಪೈಲ್ ಮಾಡಿದರೆ ಸಿ4996 ಎಂಬ ವಾರ್ನಿಂಗ್ ಸಾಲುಸಾಲಾಗಿ ಬರೋದು. ಅದರ ಸಾರಾಂಶ ಇಷ್ಟು: ಸ್ಟ್ರ್‌ಡಪ್ ಎಂಬ ಪಾಸಿಕ್ಸ್ ಹೆಸರನ್ನು ಕೈಬಿಡಲಾಗಿದೆ, ಐಎಸ್‌ಓ ನಿಯಮಕ್ಕೆ ಹೊಂದುವ, ಮುಂದೆ ಅಂಡರ್‌ಸ್ಕೋರ್ ಇರುವ ಹೆಸರು ಬಳಸಿ. ಐಎಸ್‌ಓ ಅಂದಮೇಲೆ ಇನ್ನೇನು? ಎಲ್ಲ ಕಡೆ ಬದಲಾಯಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಲಿನಕ್ಸ್ ಬಿಲ್ಡ್ ಬಿದ್ದಿತ್ತು. ಅಲ್ಲಿ ಅಂಥ ಫಂಕ್ಷನ್ನೇ ಇಲ್ಲ! ಮ್ಯಾನ್ ಪೇಜ್ ತೆರೆದು ನೋಡದ ತಪ್ಪು ನನ್ನದೇ.

ಆಮೇಲೆ ಇತಿಹಾಸ ಕೆದಕಿದೆ. 1989ರಲ್ಲಿ ಅಮೆರಿಕದ ಆನ್ಸಿ ಸಿ ಭಾಷೆಗೆ ಮಾನಕ ಹೊರಡಿಸಿತು. 1990ರಲ್ಲಿ ಅದನ್ನೇ ಐಎಸ್‌ಓ ಒಪ್ಪಿಕೊಂಡಿತು. ಅದರಲ್ಲಿ ಸ್ಟ್ರ್‌ಡಪ್ ಇರಲಿಲ್ಲ. ಯುನಿಕ್ಸ್‌ನಲ್ಲಿ ರೂಢಿಯಲ್ಲಿದ್ದ ಅದು ಮುಂದೆ ಪಾಸಿಕ್ಸ್ ಮಾನಕಕ್ಕೆ ಸೇರಿತು. ಇತ್ತ ಸಿ ಮಾನಕ, ‘ಸ್ಟ್ರ್’ ಆದಮೇಲೆ ಸಣ್ಣಕ್ಷರ ಬರುವ ಹೆಸರುಗಳನ್ನು ತನ್ನ ಮುಂದಿನ ಬಳಕೆಗೆಂದು ಕಾದಿರಿಸಿಕೊಂಡಿತ್ತು. ಕಂಪೈಲರ್ ತಯಾರಕರು ತಮ್ಮ ಸ್ವಂತ ಸೇರ್ಪಡೆಗಳಿಗೆ ಅಂಡರ್‌ಸ್ಕೋರ್ ಹಚ್ಚಿಕೊಳ್ಳಬಹುದಿತ್ತು.

ಮೈಕ್ರೋಸಾಫ್ಟ್ ಈ ನಿಯಮವನ್ನೇ ಹಿಡಿದು, ವಿಷುಯಲ್ ಸ್ಟುಡಿಯೋ 2005ರಿಂದ ಹಳೇ ಹೆಸರುಗಳ ಮೇಲೆ ವಾರ್ನಿಂಗ್ ಹಾಕಿತು. ಅಂದರೆ ‘ಐಎಸ್‌ಓಗೆ ಹೊಂದುವ ಹೆಸರು’ ಎಂದರೆ ತಯಾರಕರು ಇಟ್ಟುಕೊಳ್ಳಬಹುದಾದ ಹೆಸರು ಅಂತ ಅರ್ಥ, ಐಎಸ್‌ಓ ಕೊಟ್ಟ ಫಂಕ್ಷನ್ ಅಂತ ಅಲ್ಲ. ಪಾಸಿಕ್ಸ್‌ನವರಂತೂ ಸ್ಟ್ರ್‌ಡಪ್ ಕೈಬಿಟ್ಟಿರಲೇ ಇಲ್ಲ. ವಾಕ್ಯದಲ್ಲಿ ಸುಳ್ಳು ಹುಡುಕೋದು ಕಷ್ಟ, ಆದರೆ ಓದಿದವನಿಗೆ ದಾರಿ ತಪ್ಪುತ್ತೆ.

ಇದೇ ನಂಬರಿನ ವಾರ್ನಿಂಗ್ ಸ್ಟ್ರ್‌ಕಾಪಿಯನ್ನೂ ಬಿಡಲಿಲ್ಲ. ಅದರ ಬದಲು ಕೊನೆಯಲ್ಲಿ ‘ಅಂಡರ್‌ಸ್ಕೋರ್ ಎಸ್’ ಇರುವ ಫಂಕ್ಷನ್ ಬಳಸಿ ಅಂದಿತು. ಆ ಬಗೆಯ ಫಂಕ್ಷನ್‌ಗಳು 2011ರ ಸಿ ಮಾನಕಕ್ಕೆ ಬಂದವು, ಅದೂ ಐಚ್ಛಿಕ ಅನುಬಂಧವಾಗಿ. ಲಿನಕ್ಸ್‌ನ ಜಿಲಿಬ್‌ಸಿ ಅವನ್ನು ಸೇರಿಸಿಕೊಳ್ಳಲಿಲ್ಲ. ಸ್ಟ್ರ್‌ಕಾಪಿ ಮಾತ್ರ ಮಾನಕದಲ್ಲಿ ಇವತ್ತೂ ಇದೆ.

ತಮಾಷೆ ಅಂದರೆ, 2024ರಲ್ಲಿ ಪ್ರಕಟವಾದ ಸಿ23 ಮಾನಕಕ್ಕೆ ಸ್ಟ್ರ್‌ಡಪ್ ಕೂಡ ಸೇರಿತು, ಅಂಡರ್‌ಸ್ಕೋರ್ ಇಲ್ಲದ ಅದೇ ಹಳೇ ಹೆಸರಲ್ಲಿ!

ನಾನು ವಾರ್ನಿಂಗ್‌ಗಳನ್ನು ಕಡೆಗಣಿಸೋದಿಲ್ಲ, ಎಷ್ಟೋ ಬಗ್ ಹಿಡಿದುಕೊಟ್ಟಿವೆ. ಆದರೆ ‘ರದ್ದಾಗಿದೆ’ ಅಂತ ಕಂಡಾಗ ಮಾತ್ರ, ಕೋಡ್ ಮುಟ್ಟೋ ಮುಂಚೆ ಅಜ್ಜಿಯ ಪ್ರಶ್ನೆ ಕೇಳ್ತೀನಿ.