ಲೇಖನಿಯೂ ಶರೀರವೂ

ನಮ್ಮ ಓಲೆಗರಿಯ ಗ್ರಂಥಗಳ ಕಡೆಯ ಗರಿಯನ್ನು ನೋಡಿರುವವರಿಗೆ ಒಂದು ಸಂಗತಿ ಪರಿಚಿತವಾಗಿರಬಹುದು. ಕಾವ್ಯವೋ ಶಾಸ್ತ್ರವೋ ಮುಗಿದ ಬಳಿಕ ಪ್ರತಿಮಾಡಿದವನು ಎಷ್ಟೋ ಕಡೆ ತನ್ನದೊಂದು ಸಂಸ್ಕೃತ ಶ್ಲೋಕವನ್ನು ಸೇರಿಸಿರುತ್ತಾನೆ. ತನ್ನದು ಎಂದೆ; ವಾಸ್ತವವಾಗಿ ಅದು ಭರತಖಂಡದ ಲಿಪಿಕಾರರೆಲ್ಲರ ಸಮಾನ ಸ್ವತ್ತು. ಬೆನ್ನು, ಸೊಂಟ, ಕತ್ತುಗಳು ಮುರಿದುಹೋದುವು, ದೃಷ್ಟಿ ನಟ್ಟು ನಿಂತಿತು, ಮುಖ ಕೆಳಗಾಯಿತು; ಇಷ್ಟು ಕಷ್ಟದಿಂದ ಬರೆದುದನ್ನು ಜೋಪಾನವಾಗಿ ಕಾಪಾಡಿರಿ ಎಂಬುದು ಅದರ ಭಾವ.

ಇದನ್ನು ರೂಢಿಯ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಓಲೆಯ ಮೇಲೆ ಬರೆಯುವ ಬಗೆಯನ್ನು ನೆನೆದುಕೊಂಡರೆ ಅದು ವೈದ್ಯನ ಮುಂದೆ ರೋಗಿಯು ಕೊಡುವ ಹೇಳಿಕೆಯಂತೆಯೇ ಕೇಳಿಸುತ್ತದೆ. ಮೇಜಿಲ್ಲ, ಒರಗಿಲ್ಲ, ನೆಲದ ಮೇಲೆ ಕುಳಿತು, ಎಡಗೈಯಲ್ಲಿ ಗರಿಯನ್ನು ಹಿಡಿದು, ಬಲಗೈಯ ಕಬ್ಬಿಣದ ಕಂಠಕ್ಕೆ ಎಡಗೈಯ ಹೆಬ್ಬೆರಳನ್ನು ಆನಿಸಿ, ಅಕ್ಷರಗಳನ್ನು ಒಂದೊಂದಾಗಿ ಕೊರೆಯಬೇಕು. ಕೊರೆದುದು ಮಸಿಯನ್ನು ತೊಡೆಯುವವರೆಗೆ ಕಣ್ಣಿಗೆ ಚೆನ್ನಾಗಿ ಕಾಣುವುದೂ ಇಲ್ಲ. ಕುಮಾರವ್ಯಾಸನು ತನ್ನ ಕಂಠಪತ್ರದ ಸದ್ದು ಕೆಡದೆಂದು ಹೆಮ್ಮೆಪಟ್ಟುಕೊಂಡನು. ಆ ಮಹಾಕವಿಯ ತೋಳಿನ ವಿಷಯವಾಗಿ ಅವನೂ ಏನನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೇಳಿದವನು ಇಟಲಿಯ ಒಬ್ಬ ವೈದ್ಯ. ಬರ್ನಾರ್ದಿನೋ ರಾಮಾಜ್ಜೀನಿ (1633–1714) ಎಂಬ ಈತನು ಮೊದಲು ಮೊಡೆನಾ ನಗರದಲ್ಲಿಯೂ ಬಳಿಕ ಪಾಡುವಾದ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪಕನಾಗಿದ್ದನು. ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ರೋಗಿಯನ್ನು ಕೇಳಬೇಕೆಂದು ಹಿಪಾಕ್ರಟೀಸನು ವಿಧಿಸಿದ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬ ಮತ್ತೊಂದನ್ನು ಸೇರಿಸಬೇಕೆಂದು ಹೇಳಿದವನು ಇವನೇ. ಗಣಿಯಲ್ಲಿ ದುಡಿಯುವವರು, ಕುಂಬಾರರು, ಅಗಸಗಿತ್ತಿಯರು, ಎಲ್ಲರನ್ನೂ ಅವರವರ ಕೆಲಸದ ಸ್ಥಳಕ್ಕೇ ಹೋಗಿ ನೋಡುವುದು ಅವನ ಪದ್ಧತಿ. ವಿದ್ವಾಂಸರ ರೋಗಗಳಿಗೆ ಮೊದಲ ಮುದ್ರಣದಲ್ಲಿಯೇ ಸ್ಥಳ ದೊರೆತಿತ್ತು. ಆ ವಿದ್ವಾಂಸರ ಮಾತನ್ನು ನಕಲು ಮಾಡುವ ಗುಮಾಸ್ತೆಯ ಸರದಿ ಬರಲು 1713ರ ಪರಿವರ್ಧಿತ ಮುದ್ರಣದವರೆಗೂ ಕಾಯಬೇಕಾಯಿತು. ಇದು ಎಲ್ಲ ದೇಶಗಳಲ್ಲಿಯೂ ನಡೆಯುವ ಕ್ರಮವೇ ತಾನೆ!

ಬರೆಯುವವರ ವ್ಯಾಧಿಗೆ ಅವನು ಮೂರು ಕಾರಣಗಳನ್ನು ಕೊಡುತ್ತಾನೆ: ಸದಾ ಕುಳಿತಿರುವುದು, ಕೈ ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಚಲಿಸುವುದು, ತಪ್ಪು ಬಿದ್ದೀತೆಂಬ ಮನಸ್ಸಿನ ಆತಂಕ. ಮೊದಲನೆಯ ಎರಡನ್ನು ಯಾರಾದರೂ ಊಹಿಸಬಹುದಾಗಿತ್ತು. ಮೂರನೆಯದನ್ನು ಕಂಡುದರಲ್ಲಿ ಅವನ ಹಿರಿಮೆಯಿದೆ. ಲೆಕ್ಕದಲ್ಲಿ ಒಂದು ಅಂಕಿ ಜಾರಿದರೆ ಧಣಿಗೆ ನಷ್ಟ. ಆ ಭಯವು ಗುಮಾಸ್ತೆಯ ಬೆರಳುಗಳನ್ನು ಬಿಗಿಯುತ್ತದೆಯೆಂಬುದನ್ನು ಅವನು ಅರಿತಿದ್ದನು. ತನ್ನ ಪರಿಚಯದ ಒಬ್ಬ ಪತ್ರಲೇಖಕನ ಕಥೆಯನ್ನೂ ಹೇಳುತ್ತಾನೆ. ಆತನು ಬಾಳೆಲ್ಲ ಬರೆದು ಹಣ ಸಂಪಾದಿಸಿದವನು. ಮೊದಲು ತೋಳಿನಲ್ಲಿ ಆಯಾಸ ತೋರಿತು. ಯಾವ ಔಷಧಕ್ಕೂ ಬಗ್ಗಲಿಲ್ಲ. ಕಡೆಗೆ ಬಲಗೈ ಸ್ವಾಧೀನ ತಪ್ಪಿತು. ಛಲ ಬಿಡದೆ ಎಡಗೈಯಿಂದ ಬರೆಯುವುದನ್ನು ಕಲಿತನು. ಕೆಲವು ಕಾಲದ ಮೇಲೆ ಅದೇ ವ್ಯಾಧಿ ಎಡಗೈಯನ್ನೂ ಹಿಡಿಯಿತು. ಎಣ್ಣೆಯ ತಿಕ್ಕುವಿಕೆ, ಮಿತವಾದ ವ್ಯಾಯಾಮ ಇವುಗಳನ್ನು ರಾಮಾಜ್ಜೀನಿ ಸೂಚಿಸುತ್ತಾನೆ. ಬರೆಯುವುದನ್ನು ಬಿಟ್ಟುಬಿಡು ಎನ್ನುವುದು ಸುಲಭವಾಗಿತ್ತು; ಅದರಿಂದಲೇ ಅನ್ನ ಹುಟ್ಟುವವನಿಗೆ ಅದನ್ನು ಹೇಳುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದಲ್ಲಿ ಕಚೇರಿಗಳು ಬೆಳೆದಂತೆ ರೋಗವೂ ಬೆಳೆಯಿತು. ಲಂಡನ್ನಿನ ಶಸ್ತ್ರವೈದ್ಯ ಸ್ಯಾಮ್ಯುಯಲ್ ಸಾಲಿ 1864ರಲ್ಲಿ ನಕಲುಗಾರರ ಪಕ್ಷವಾತವೆಂದು ಅದನ್ನು ವರ್ಣಿಸಿದನು. ಹಕ್ಕಿಯ ಗರಿಯ ಲೇಖನಿಯನ್ನು ಓಡಿಸಿದ ಉಕ್ಕಿನ ಮುಳ್ಳನ್ನು ಕೆಲವರು ದೂರಿದರು. ಆದರೆ ರಾಮಾಜ್ಜೀನಿಯ ಪತ್ರಲೇಖಕನ ಕಾಲಕ್ಕೆ ಉಕ್ಕಿನ ಮುಳ್ಳು ಬಳಕೆಗೇ ಬಂದಿರಲಿಲ್ಲವೆಂಬುದನ್ನು ಅವರು ಮರೆತಂತೆ ಕಾಣುತ್ತದೆ. ಈ ರೋಗದ ವಿಚಿತ್ರವೆಂದರೆ, ಲೇಖನಿಯನ್ನು ಹಿಡಿದೊಡನೆ ಸೆಟೆದುಕೊಳ್ಳುವ ಅದೇ ಬೆರಳುಗಳು ಗುಂಡಿಯನ್ನು ಹಾಕುವುದಕ್ಕೆ ಯಾವ ತಕರಾರನ್ನೂ ಮಾಡದಿರಬಹುದು. ಆದಕಾರಣ ಇದು ಬರಿಯ ಮನಸ್ಸಿನ ದೌರ್ಬಲ್ಯವೆಂದು ಬಹುಕಾಲ ಅನೇಕರು ಭಾವಿಸಿದ್ದರು. ಈಗಿನ ವೈದ್ಯರು, ಚಲನೆಯನ್ನು ಆಳುವ ಮಿದುಳಿನ ವ್ಯವಸ್ಥೆಯಲ್ಲಿ ಆಗುವ ಏರುಪೇರೆಂದು ಹೇಳುತ್ತಾರೆ.

ಸಾಹಿತಿಗಳಿಗೆ ಒಂದು ಅನುಕೂಲವಿತ್ತು. ಇನ್ನೊಬ್ಬರ ಕೈಯನ್ನು ಕೂಲಿಗೆ ಪಡೆಯಬಹುದಾಗಿತ್ತು. ಕಾದಂಬರಿಕಾರ ಹೆನ್ರಿ ಜೇಮ್ಸನು 1897ರಲ್ಲಿ ಮಣಿಕಟ್ಟಿನ ನೋವಿನ ದೆಸೆಯಿಂದ ಲೇಖನಿಯನ್ನು ಕೆಳಗಿಟ್ಟು, ಅತ್ತಿತ್ತ ನಡೆದಾಡುತ್ತ ಹೇಳಿ ಬರೆಸುವುದಕ್ಕೆ ತೊಡಗಿದನು. ಬೆರಳಚ್ಚು ಯಂತ್ರದ ಸದ್ದು ಅವನಿಗೆ ಎಷ್ಟು ಒಗ್ಗಿತೆಂದರೆ, ರೆಮಿಂಗ್‌ಟನ್ ಯಂತ್ರದ ಬದಲು ಬೇರೊಂದನ್ನು ತಂದಾಗ ಮಾತೇ ಸರಿಯಾಗಿ ಹೊರಡಲಿಲ್ಲವಂತೆ. ಅವನ ಕಡೆಗಾಲದ ಕಾದಂಬರಿಗಳ ಸುತ್ತಿ ಸುತ್ತಿ ಬರುವ ವಾಕ್ಯಗಳಿಗೆ ಈ ಅಭ್ಯಾಸವೂ ಒಂದು ಕಾರಣವೆಂದು ವಿಮರ್ಶಕರಲ್ಲಿ ಹಲವರ ಮತ. ನನಗೂ ಹಾಗೆಯೇ ತೋರುತ್ತದೆ. 1915ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿದು ಅವನು ಹಾಸಿಗೆ ಹಿಡಿದನು. ಜ್ಞಾನ ತಪ್ಪಿ ತಪ್ಪಿ ಬರುತ್ತಿದ್ದ ಆ ದಿನಗಳಲ್ಲಿಯೂ ಹೇಳಿ ಬರೆಸುತ್ತಿದ್ದನು. ಯಂತ್ರದ ಸದ್ದು ಕೇಳಿದರೆ ಸಮಾಧಾನಗೊಳ್ಳುತ್ತಿದ್ದನು. ಮಾತು ನಿಂತಾಗ, ಹದಿನೆಂಟು ವರ್ಷಗಳ ಹಿಂದೆ ಬರೆವಣಿಗೆಯನ್ನು ಬಿಟ್ಟುಕೊಟ್ಟಿದ್ದ ಅವನ ಕೈ ಹೊದಿಕೆಯ ಮೇಲೆ ಬರೆಯುತ್ತಿರುವಂತೆ ಆಡುತ್ತಿದ್ದುದನ್ನು ಬಳಿಯಲ್ಲಿದ್ದವರು ಕಂಡರು.